ಸಾವಿನ ಎದುರು ದಾಂಪತ್ಯ

ಧರ್ಮ, ಅರ್ಥ, ಕಾಮ ಈ ಮೂರರಲ್ಲೂ ಹೆಂಡತಿಯನ್ನು ಮೀರಿ ನಡೆಯೆನೆಂದು ವರ ಮದುವೆಯಲ್ಲಿ ಮಾತು ಕೊಡುತ್ತಾನೆ. ‘ನಾತಿಚರಾಮಿ’ ಎಂಬ ಆ ಪ್ರತಿಜ್ಞೆಯಲ್ಲಿ ನಾಲ್ಕನೆಯ ಪುರುಷಾರ್ಥವಾದ ಮೋಕ್ಷದ ಹೆಸರಿಲ್ಲ. ಬಾಳು ಇಬ್ಬರದು, ಬಿಡುಗಡೆ ಅವರವರದು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವಾಗ ಇಬ್ಬರು ಹೆಂಡಿರಿಗೂ ಆಸ್ತಿ ಹಂಚಲು ಮುಂದಾಗುತ್ತಾನೆ. ಅದರಿಂದ ಸಾವನ್ನು ದಾಟಲಾದೀತೇ ಎಂದು ಮೈತ್ರೇಯಿ ಕೇಳುತ್ತಾಳೆ. ಆಗದೆಂದಾಗ ಆಸ್ತಿ ಬೇಡವೆಂದು ಅರಿವನ್ನು ಬೇಡುತ್ತಾಳೆ. ಗಂಡ ಪ್ರಿಯನಾಗುವುದು ಗಂಡನಿಗಾಗಿ ಅಲ್ಲ, ಆತ್ಮಕ್ಕಾಗಿ ಎಂಬುದು ಅವನ ಉಪದೇಶ. ಹಾಗಿದ್ದರೆ ಸಾವು ಮನೆಯೊಳಗೆ ಬಂದು ಕೂತಾಗ ಜೊತೆಗಾರರಿಂದ ಆಗುವುದೇನು?

ರಷ್ಯಾದ ಕಥೆಗಾರರು ಈ ಪ್ರಶ್ನೆಯನ್ನು ಕಟುವಾಗಿಯೇ ಕೇಳಿದರು. ಟಾಲ್‌ಸ್ಟಾಯ್ ಅವರ ‘ಇವಾನ್ ಇಲಿಚ್‌ನ ಸಾವು’ (1886) ಕಥೆಯ ನ್ಯಾಯಾಧೀಶ ಗಂಡನದು ಮರ್ಯಾದಸ್ಥರ ಸಂಸಾರ. ಸರಿಯಾಗಿ ಔಷಧಿ ತೆಗೆದುಕೊಳ್ಳದ್ದು ಅವನದೇ ತಪ್ಪು ಎಂಬಂತೆ ಹೆಂಡತಿ ಮಾತಾಡುತ್ತಾಳೆ. ಇವನು ಸಾಯುತ್ತಿದ್ದಾನೆಂದು ಒಪ್ಪಿಕೊಳ್ಳುವವನು ಆಳು ಗೆರಾಸಿಮ್ ಒಬ್ಬನೇ. ನೋವು ತಗ್ಗಲೆಂದು ಒಡೆಯನ ಕಾಲುಗಳನ್ನು ಹೆಗಲ ಮೇಲೆ ಹೊತ್ತು ಕೂರುವವನೂ ಅವನೇ. ಚೆಕಾವ್ ಅವರ ‘ರಾಥ್‌ಚೈಲ್ಡ್‌ನ ಪಿಟೀಲು’ (1894) ಕಥೆಯ ಯಾಕೋವ್ ಶವಪೆಟ್ಟಿಗೆ ಮಾಡುವವನು. 52 ವರ್ಷ ಜೊತೆಗೆ ಬಾಳಿದ ಹೆಂಡತಿ ಮಾರ್ಫಾ ಇನ್ನೂ ಉಸಿರಾಡುತ್ತಿರುವಾಗಲೇ ಅವಳ ಅಳತೆ ತೆಗೆದು ಪೆಟ್ಟಿಗೆ ಮಾಡುತ್ತಾನೆ. 2 ರೂಬಲ್ 40 ಕೊಪೆಕ್ ಎಂದು ನಷ್ಟದ ಲೆಕ್ಕದಲ್ಲಿ ಬರೆದುಕೊಳ್ಳುತ್ತಾನೆ. ಎಂದೋ ತೀರಿಕೊಂಡ ತಮ್ಮ ಹೆಣ್ಣುಕೂಸನ್ನು ಅವಳು ನೆನಪಿಸಿದರೆ ಅವನಿಗೆ ನೆನಪಾಗುವುದಿಲ್ಲ. ನೆನಪು ಮರಳುವುದು ಅವಳನ್ನು ಮಣ್ಣು ಮಾಡಿದ ಮೇಲೆ. ಟಾಲ್‌ಸ್ಟಾಯ್ ಕಥೆಯಲ್ಲಿ ಸಾವು ದಾಂಪತ್ಯದ ಸುಳ್ಳನ್ನು ಬಯಲಿಗೆಳೆದರೆ, ಚೆಕಾವ್ ಕಥೆಯಲ್ಲಿ ಅದರೊಳಗಿನ ಮರೆವನ್ನು ತೋರಿಸುತ್ತದೆ.

ಧಾರವಾಡದ ದ. ರಾ. ಬೇಂದ್ರೆ (1896–1981) ಇದೇ ಪ್ರಶ್ನೆಯನ್ನು ಒಳಗಿನಿಂದ ಎದುರಿಸಿದವರು. ಬಡತನ ಮತ್ತು ಮಕ್ಕಳ ಸಾವುಗಳ ನಡುವೆ ಸಾಗಿದ ತಮ್ಮ ಸಂಸಾರವನ್ನು ಅವರು ‘ಸಖೀಗೀತ’ದಲ್ಲಿ (1937) ನೀಳವಾಗಿ ನಿರೂಪಿಸಿದರು. ಮರುವರ್ಷದ ‘ನಾದಲೀಲೆ’ಯಲ್ಲಿರುವ ‘ನೀ ಹಿಂಗ ನೋಡಬ್ಯಾಡ ನನ್ನ’ ಧಾರವಾಡದ ಆಡುಮಾತಿನ ಕವಿತೆ. ಸಾವಿನ ನೆರಳಿನಲ್ಲಿ ಕೂಸು ಮಲಗಿದೆ, ಹೆಂಡತಿ ಮತ್ತೆ ಮತ್ತೆ ಗಂಡನತ್ತ ನೋಡುತ್ತಾಳೆ. ಆ ನೋಟಕ್ಕೆ ಕೊಡಲು ಅವನ ಬಳಿ ಏನೂ ಇಲ್ಲ. ಅಳು ತುಂಬಿಕೊಂಡೂ ನಡುನಡುವೆ ನಗುವ ಅವಳಿಗೆ, ಅತ್ತುಬಿಡು ಎನ್ನುವುದಷ್ಟೇ ಅವನಿಂದಾಗುತ್ತದೆ. ಧಾರೆಯ ನೀರಿನಲ್ಲಿ ನೆನೆದಿದ್ದ ಅವನ ಕೈಯನ್ನು ತಂಪೆಂದು ನಂಬಿ ಅವಳು ಹಿಡಿದಿದ್ದಳು. ಅದು ಬೂದಿ ಮುಚ್ಚಿದ ಕೆಂಡವೆಂದು ಗೊತ್ತಾದ ಮೇಲೂ ಬಿಟ್ಟಿಲ್ಲವೆಂಬುದು ಅವನ ಅಚ್ಚರಿ, ಅವನ ಸಂಕಟ.

ಈ ಗಂಡ ಉಪದೇಶ ಮಾಡುವುದಿಲ್ಲ. ಯಾಜ್ಞವಲ್ಕ್ಯನಿಗಿದ್ದ ಅರಿವಾಗಲಿ ಹೊರಟುಹೋಗುವ ದಾರಿಯಾಗಲಿ ಅವನಿಗಿಲ್ಲ. ಇವಾನ್‌ನ ಮನೆಯ ನಟನೆ, ಯಾಕೋವ್‌ನ ಮರೆವು ಇವೂ ಇಲ್ಲಿಲ್ಲ. ಇಬ್ಬರಿಗೂ ಎಲ್ಲವೂ ಗೊತ್ತಿದೆ. ಸಂಗಾತಿ ಸಾವನ್ನು ತಡೆಯಲಾರ, ಅದರ ಅರ್ಥವನ್ನೂ ಹೇಳಲಾರ. ಉಳಿಯುವುದು ಎರಡೇ: ನಿಜವನ್ನು ಮುಚ್ಚಿಡದಿರುವುದು, ಹಿಡಿದ ಕೈ ಬಿಡದಿರುವುದು. ಮೊದಲನೆಯದನ್ನು ಟಾಲ್‌ಸ್ಟಾಯ್ ಆಳಿನಲ್ಲಿ ಕಂಡರು. ಬೇಂದ್ರೆ ಎರಡನ್ನೂ ಗಂಡಹೆಂಡಿರ ನಡುವೆಯೇ ಕಂಡರು.