ಬಾಗಿಲು ತೆರೆದ ಮೇಲೆ



*ಇಂದಿನ ಚಿಂತನೆ: ಮುದಿತಾ*

ಧಮ್ಮ ಬಂಧುಗಳೇ,

ನಾನು ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಹಾಸ್ಟೆಲ್ ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದೆ. ನಮ್ಮ ಕೇರಿಯ ಹುಡುಗನೊಬ್ಬ ಒಳ್ಳೆಯ ರೈಡರ್ ಆಗಿ ಬೆಳೆದ. ಎರಡನೇ ವರ್ಷಕ್ಕೆ ದೊಡ್ಡ ಊರಿನ ಕಾಲೇಜೊಂದು ಅವನನ್ನು ಕರೆಯಿತು. ಫೀಸು, ಊಟ, ವಸತಿ ಎಲ್ಲ ಉಚಿತ. "ಹೋಗ್ಲಾ ಸರ್?" ಅಂದ. "ಹೋಗಪ್ಪಾ, ಒಳ್ಳೇದಾಗ್ಲಿ" ಅಂದೆ. ಆದರೆ ಹೊಟ್ಟೆಯೊಳಗೆ ಉರಿಯುತ್ತಿತ್ತು. ಆ ವರ್ಷ ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತಿತು. ಅವನು ಫೋನ್ ಮಾಡಿದಾಗ ನಾನು ಎತ್ತಲಿಲ್ಲ.

ಆ ಉರಿ ಏನೆಂದು ನನಗೆ ಅರ್ಥವಾಗಿದ್ದು ಕ್ಲಾರೆನ್ಸ್ ಗೇನ್ಸ್ ಅವರ ಬದುಕನ್ನು ಓದಿದಾಗ.

ಗೇನ್ಸ್ 1923ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಹುಟ್ಟಿದ ಕಪ್ಪು ಜನಾಂಗದವರು. ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರುವುದನ್ನು ಅಲ್ಲಿನ ಕಾನೂನೇ ನಿಷೇಧಿಸಿತ್ತು. ಆಳು ದೊಡ್ಡ ಗಾತ್ರ, ಹಾಗಾಗಿ 'ಬಿಗ್ ಹೌಸ್' ಎಂದೇ ಹೆಸರು. ರಸಾಯನಶಾಸ್ತ್ರ ಓದಿ ದಂತವೈದ್ಯರಾಗಬೇಕೆಂದಿದ್ದವರು 1945ರಲ್ಲಿ ಉತ್ತರ ಕೆರೊಲಿನಾದ ವಿನ್‌ಸ್ಟನ್-ಸೇಲಂನ ಕಪ್ಪು ಜನರ ಕಾಲೇಜಿಗೆ ಸಹಾಯಕ ಕೋಚ್ ಆಗಿ ಬಂದರು. ಮರುವರ್ಷವೇ ಅಮೆರಿಕನ್ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಎರಡೂ ತಂಡಗಳು ಅವರ ಹೆಗಲಿಗೆ ಬಿದ್ದವು. 1949ರ ನಂತರ ಫುಟ್‌ಬಾಲ್ ಬಿಟ್ಟರು. ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೇ 1950ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಬಾಸ್ಕೆಟ್‌ಬಾಲ್ ಮಾತ್ರ 1993ರವರೆಗೆ, 47 ವರ್ಷ, ಅದೇ ಕಾಲೇಜಿನಲ್ಲಿ ಕಲಿಸಿದರು. ಒಟ್ಟು 828 ಗೆಲುವು.

1967ರಲ್ಲಿ ಅವರ ತಂಡ 31 ಪಂದ್ಯ ಗೆದ್ದು ಒಂದೇ ಒಂದು ಸೋತಿತು. ಎನ್‌ಸಿಎಎ ಬಾಸ್ಕೆಟ್‌ಬಾಲ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಾಲೇಜು ಅದು. ಅರ್ಲ್ ಮನ್ರೋ ಎಂಬ ಶಿಷ್ಯ ಆ ವರ್ಷ ಪಂದ್ಯಕ್ಕೆ ಸರಾಸರಿ 41.5 ಅಂಕ ಗಳಿಸಿದ.

ಇಲ್ಲೊಂದು ಪ್ರಶ್ನೆ ಇದೆ. ಇಂಥ ಪ್ರತಿಭೆಗಳು ಆ ಸಣ್ಣ ಕಾಲೇಜಿಗೆ ಬರುತ್ತಿದ್ದುದು ಏಕೆ? ಗುರು ಒಳ್ಳೆಯವರು, ನಿಜ. ಆದರೆ ದಕ್ಷಿಣದ ದೊಡ್ಡ ಬಿಳಿ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತ್ತು ಎಂಬುದೂ ಅಷ್ಟೇ ನಿಜ. ಹೋರಾಟದಿಂದ ಆ ಬಾಗಿಲು ತೆರೆಯಿತು. ಒಳ್ಳೆಯ ಆಟಗಾರರು ಅತ್ತ ಹೋದರು. ಗೇನ್ಸ್ ಅವರ ಕೊನೆಯ ವರ್ಷಗಳಲ್ಲಿ ಸೋಲುಗಳು ಹೆಚ್ಚಾದವು.

ನಮ್ಮನ್ನು ತುಳಿದ ಬೇಲಿಯೇ ನಮ್ಮ ಗೆಲುವನ್ನೂ ಕಾಯುತ್ತಿದ್ದರೆ, ಬೇಲಿ ಬಿದ್ದ ದಿನ ಅಳಬೇಕೇ? ಊರ ಕೆರೆ ಎಲ್ಲರಿಗೂ ಮುಕ್ತವಾದ ಮೇಲೆ ಕೇರಿಯ ಬಾವಿಗೆ ಬರುವವರು ಕಡಿಮೆಯಾದರೆ, ಬಾವಿ ತೋಡಿದವನಿಗೆ ಅದು ಸೋಲೇ?

ಬಾವಿ ತೋಡಿದ್ದು ಜನರ ಬಾಯಾರಿಕೆಗಾಗಿ. ಇನ್ನೊಬ್ಬರ ಏಳಿಗೆ ಕಂಡು ಸಂತೋಷಪಡುವ ಮುದಿತಾ, ನಮಗೆ ನಷ್ಟವಿಲ್ಲದಾಗ ಸುಲಭ. ಆ ಏಳಿಗೆಯಿಂದ ನಮ್ಮ ಕೈ ಬರಿದಾದಾಗಲೇ ಅದರ ಪರೀಕ್ಷೆ.

ಕೆಲವರು ಕೇಳಬಹುದು: 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರೇ ಓದಿದವರ ಬಗ್ಗೆ ನೊಂದು ಮಾತಾಡಲಿಲ್ಲವೇ? ಹೌದು. ಆದರೆ ಅವರು ನೊಂದದ್ದು ನಮ್ಮವರು ಮೇಲೆ ಹೋದದ್ದಕ್ಕಲ್ಲ, ಹೋದವರು ಸಮಾಜವನ್ನು ಮರೆತದ್ದಕ್ಕೆ. ಹೋಗುವುದು ಬೇರೆ, ಮರೆಯುವುದು ಬೇರೆ. ನನ್ನ ಹುಡುಗ ಮರೆತಿರಲಿಲ್ಲ, ಫೋನ್ ಮಾಡಿದ್ದ. ಎತ್ತದೆ ಇದ್ದವನು ನಾನು.

ಹನ್ನೊಂದು ವರ್ಷದ ನಂತರ ಕಳೆದ ತಿಂಗಳು ನಾನೇ ಫೋನ್ ಮಾಡಿದೆ. "ಸರ್" ಅಂದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಕೇಳಿದ: "ಈ ವರ್ಷ ನಮ್ಮ ಟೀಮ್ ಹೆಂಗಿದೆ ಸರ್?"

*ಇಂದು ಹತ್ತು ನಿಮಿಷ ಕಣ್ಮುಚ್ಚಿ ಕೂರೋಣ. ಯಾರ ಏಳಿಗೆ ನಮ್ಮನ್ನು ಚುಚ್ಚಿತ್ತೋ ಅವರನ್ನು ನೆನೆದು ಒಳಿತು ಬಯಸೋಣ.*

ಸಾಧು, ಸಾಧು, ಸಾಧು.