ಪಾದದ ಬಳಿ ಕುಳಿತವಳು ಎದ್ದ ಮೇಲೆ

ಲೂಕನ ಸುವಾರ್ತೆ 10ನೇ ಅಧ್ಯಾಯ ತೆಗೆಯಿರಿ, 38ನೇ ವಚನದಿಂದ. ಮೊಬೈಲ್‌ನಲ್ಲಿ ಓದೋರು ಹಾಗೇ ಓದಿ, ಆದ್ರೆ ವಾಟ್ಸಾಪ್ ಕಡೆ ಹೋಗಬೇಡಿ.

ಈ ಭಾಗ ಎಲ್ಲರಿಗೂ ಗೊತ್ತು. ಮಾರ್ಥಳು ಅಡುಗೆ ಕೆಲಸದಲ್ಲಿ, ಮರಿಯಳು ಯೇಸುವಿನ ಪಾದದ ಬಳಿ. ನಾವು ಇದರಿಂದ ಏನು ಕಲಿಸ್ತೀವಿ? ಗಡಿಬಿಡಿ ಬಿಡಿ, ಪ್ರಾರ್ಥನೆಗೆ ಸಮಯ ಕೊಡಿ ಅಂತ. ಅದು ಸರಿಯೇ. ಆದರೆ ಅಪೊಸ್ತಲರ ಕೃತ್ಯಗಳು 22:3 ಕೂಡ ನೋಡಿ. ತಾನು ಗಮಲಿಯೇಲನ ಪಾದದ ಬಳಿ ಕಲಿತವನು ಅಂತ ಪೌಲನು ಅಲ್ಲಿ ಹೇಳಿಕೊಳ್ಳುತ್ತಾನೆ. ಅಂದ್ರೆ ಆ ಗುರುವಿನ ಶಿಷ್ಯನಾಗಿ ಧರ್ಮಶಾಸ್ತ್ರ ಓದಿದವನು. ಎರಡೂ ಪುಸ್ತಕ ಬರೆದವನು ಲೂಕನೇ. ಹಾಗಾದ್ರೆ ಮರಿಯಳು ಅಲ್ಲಿ ಸುಮ್ಮನೆ ಭಕ್ತಿಯಿಂದ ಕೂತಿರಲಿಲ್ಲ, ಪಾಠಕ್ಕೆ ಕೂತಿದ್ದಳು. ಆ ಸ್ಥಾನವನ್ನು ಅವಳಿಂದ ಯಾರೂ ಕಿತ್ತುಕೊಳ್ಳುವುದಿಲ್ಲ ಅಂತ ಹೇಳಿದವನು ಯೇಸು. ಆಮೆನ್?

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಯೂತ್ ಗುಂಪಿನ ಒಬ್ಬ ಸಹೋದರಿ ಸೆಮಿನರಿಗೆ ಅರ್ಜಿ ಹಾಕ್ತಿದ್ದಾರೆ, ಸಭೆಯಿಂದ ಶಿಫಾರಸು ಪತ್ರ ಬೇಕು ಅಂತ ಕೇಳಿದ್ದಾರೆ. ಅವರ ಅನುಮತಿ ತಗೊಂಡೇ ಹೇಳ್ತಿದ್ದೀನಿ, ಹೆಸರು ಹೇಳಲ್ಲ. ಒಳ್ಳೆ ಸಂಬಳದ ಕೆಲಸ ಬಿಟ್ಟು ಮೂರು ವರ್ಷ ಓದಬೇಕು ಅಂತ ಆಸೆ. ಕೆಲವರು ಅಂದ್ರು, ಒಬ್ಬ ಪಾಸ್ಟರನ್ನ ಮದುವೆಯಾದ್ರೆ ಹೇಗೂ ಸೇವೆ ಮಾಡಬಹುದಲ್ಲ ಅಂತ. ಇದಕ್ಕೆ ಉತ್ತರ ಕೊಡೋ ಅಗತ್ಯ ಇಲ್ಲ ಅಂದ್ಕೊಳ್ತೀನಿ. ಆದರೆ ನಮ್ಮ ಹಿರಿಯರೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಈ ವಾರ ಪೂರ್ತಿ ಬಿಡಲಿಲ್ಲ. "ಬ್ರದರ್, ಓದಿಸೋದು ಸುಲಭ. ಓದಿ ಬಂದ ಮೇಲೆ ಆ ಮಗುವಿಗೆ ನಾವು ಏನು ಕೊಡ್ತೀವಿ? ಸಂಡೇ ಸ್ಕೂಲ್ ಬಿಟ್ರೆ ಬೇರೆ ಬಾಗಿಲು ತೆರೆಯೋಕೆ ನಾವು ರೆಡಿ ಇಲ್ಲ ಅಂದ್ರೆ, ಮೂರು ವರ್ಷ ಓದು ಅಂತ ಕಳಿಸೋದು ನ್ಯಾಯಾನಾ?"

ಗಮನಿಸಿ, ಅವರು ವಿರೋಧಿಸಲಿಲ್ಲ. ನಮ್ಮ ಪ್ರಾಮಾಣಿಕತೆಯನ್ನು ಕೇಳಿದ್ರು. ಕರೆಯನ್ನು ಗುರುತಿಸಿ, ಆ ಕರೆಗೆ ಜಾಗ ಕೊಡದ ಸಭೆ ಆ ವ್ಯಕ್ತಿಗೆ ಸತ್ಯ ಹೇಳ್ತಿದೆಯಾ?

ನಾವು ಪೆಂತೆಕೊಸ್ತಿನವರು. ಪೇತ್ರನು ಯೋವೇಲನ ಮಾತು ಎತ್ತಿ, ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರವಾದಿಸುವರು ಅಂತ ಸಾರಿದ ದಿನದ ಹೆಸರನ್ನೇ ಇಟ್ಟುಕೊಂಡಿದ್ದೀವಿ. ನಮ್ಮ ಆರಾಧನೆಯಲ್ಲಿ ಒಬ್ಬ ಅಕ್ಕ ಎದ್ದು ನಿಂತು ಪ್ರವಾದನೆ ಹೇಳಿದ್ರೆ ಎಲ್ಲರೂ ಹಲ್ಲೆಲೂಯ ಅಂತೀವಿ. ಅದೇ ಅಕ್ಕ ನೋಟ್ಸ್ ಇಟ್ಕೊಂಡು ರೋಮಾಪುರದವರಿಗೆ ಬರೆದ ಪತ್ರ ವಿವರಿಸೋಕೆ ನಿಂತ್ರೆ ಕುರ್ಚಿಗಳು ಕಿರ್ರ್ ಅನ್ನುತ್ತವೆ. ಯಾಕೆ? ಪ್ರವಾದನೆ ಆದ್ರೆ ಆತ್ಮ ಮಾತಾಡ್ತು ಅಂತೀವಿ, ಅವಳು ಬರೀ ಕೊಳವೆ. ಬೋಧನೆ ಆದ್ರೆ ಅವಳ ಬುದ್ಧಿ, ಅವಳ ಶ್ರಮ, ಅವಳ ವಿವೇಚನೆ ಅಲ್ಲಿ ಇದೆ ಅಂತ ಒಪ್ಪಬೇಕಾಗುತ್ತೆ. ಅವಳ ಬಾಯಿ ನಮಗೆ ಬೇಕು, ತಲೆ ಬೇಡ. ಇದು ಪವಿತ್ರಾತ್ಮನ ಬಗ್ಗೆ ಒಳ್ಳೆ ದೇವತಾಶಾಸ್ತ್ರ ಅಂತ ನನಗೆ ಅನ್ನಿಸಲ್ಲ.

2 ಅರಸುಗಳು 22 ಓದಿ. ದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥ ಸಿಕ್ಕಾಗ ಅರಸನಾದ ಯೋಷೀಯನ ಕಡೆಯವರು ಅದನ್ನು ವಿಚಾರಿಸೋಕೆ ಹೋಗಿದ್ದು ಹುಲ್ದ ಎಂಬ ಪ್ರವಾದಿನಿಯ ಮನೆಗೆ. ಯೆರೆಮೀಯ ಆಗಲೇ ಪ್ರವಾದಿಸುತ್ತಿದ್ದ ಕಾಲ ಅದು. ಗಂಡಸರು ಯಾರೂ ಸಿಗಲಿಲ್ಲ ಅಂತ ಅವಳ ಹತ್ತಿರ ಹೋಗಿದ್ದಲ್ಲ.

ಇನ್ನು ನಮ್ಮದೇ ಚರಿತ್ರೆ. ಎಷ್ಟೋ ಜನ ಪೆಂತೆಕೊಸ್ತ್ ಅಂದ್ರೆ 1906, ಲಾಸ್ ಏಂಜಲೀಸ್, ಅಜುಸಾ ಬೀದಿ ಅಂತ ಶುರು ಮಾಡ್ತಾರೆ. ಅದಕ್ಕೆ ಒಂದು ವರ್ಷ ಮುಂಚೆ, 1905ರಲ್ಲಿ, ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಮಿಷನ್‌ನಲ್ಲಿ ಉಜ್ಜೀವನ ಆಯ್ತು. ಪ್ರಾರ್ಥಿಸಿದವರು ವಿಧವೆಯರು, ಅನಾಥ ಹುಡುಗಿಯರು. ನಡೆಸಿದವರು ಪಂಡಿತಾ ರಮಾಬಾಯಿ. ಅವರ ಜೊತೆ ಸೇವೆ ಮಾಡುತ್ತಿದ್ದ ಮಿನ್ನಿ ಏಬ್ರಮ್ಸ್ ಬರೆದ ಪುಸ್ತಕ ಚಿಲಿ ದೇಶದ ಗೆಳತಿಯ ಕೈ ಸೇರಿ, ಅಲ್ಲಿ 1909ರ ಉಜ್ಜೀವನಕ್ಕೆ ದಾರಿಯಾಯಿತು.

ರಮಾಬಾಯಿ ನಮ್ಮ ಕಡೆಯವರೇ. ತಂದೆ ಅನಂತ ಶಾಸ್ತ್ರಿಗಳ ಊರು ಕಾರ್ಕಳದ ಹತ್ತಿರದ ಮಾಳ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಅವರು ಪಂಡಿತರ ವಿರೋಧ ಎದುರಿಸಬೇಕಾಯಿತು. ಆ ತಾಯಿಯೇ ಮಗಳಿಗೆ ಕಲಿಸಿದ್ದು. 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಆ ಮಗಳು 1883ರಲ್ಲಿ ಇಂಗ್ಲೆಂಡ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿ ಗಂಡು ವಿದ್ಯಾರ್ಥಿಗಳಿಗೆ ಸಂಸ್ಕೃತ ಪಾಠ ಹೇಳುವ ಮಾತು ಬಂದಾಗ ಬೇಡ ಅಂದವರು ಯಾರು ಗೊತ್ತಾ? ಭಾರತದಲ್ಲಿದ್ದ ಆಂಗ್ಲ ಬಿಷಪ್ಪರು. ಶಾಸ್ತ್ರಿಗಳ ಮನೆಯಲ್ಲಿ ತೆರೆದ ಬಾಗಿಲನ್ನು ಸಭೆಯವರು ಮುಚ್ಚಿದ್ರು. ಅವರು ಸುಮ್ಮನೆ ಕೂರಲಿಲ್ಲ. ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಮರಾಠಿಗೆ ತಂದರು. 1922ರಲ್ಲಿ ತೀರಿಕೊಂಡರು. 1924ರಲ್ಲಿ ಮುಕ್ತಿಯ ಹೆಣ್ಣುಮಕ್ಕಳ ಕೈಯಿಂದಲೇ ಅದು ಅಚ್ಚಾಗಿ ಹೊರಬಂತು. ಉಜ್ಜೀವನವೂ ವ್ಯಾಕರಣವೂ ಒಂದೇ ಕಾಂಪೌಂಡಿನಲ್ಲಿ ಇದ್ದವು, ಪ್ರಿಯರೇ. ಓದಿದ್ರೆ ಅಭಿಷೇಕ ಹೋಗುತ್ತೆ ಅನ್ನೋರು ಇದನ್ನು ಸ್ವಲ್ಪ ಯೋಚಿಸಿ.

ಸರಿ, 1 ತಿಮೊಥೆಯ 2 ಬಿಟ್ಟು ಓಡಿಹೋಗ್ತಿದ್ದೀನಿ ಅಂತ ಯಾರೂ ಅಂದ್ಕೋಬೇಡಿ. 12ನೇ ವಚನದಲ್ಲಿ ಪೌಲನು, ಸ್ತ್ರೀಯು ಬೋಧಿಸುವುದಕ್ಕೂ ಪುರುಷನ ಮೇಲೆ ಅಧಿಕಾರ ನಡೆಸುವುದಕ್ಕೂ ತಾನು ಬಿಡುವುದಿಲ್ಲ ಎನ್ನುತ್ತಾನೆ. ಇದು ವಾಕ್ಯ, ಇದನ್ನು ಹರಿದು ಹಾಕೋಕೆ ಆಗಲ್ಲ. ಆದರೆ ಅದಕ್ಕೆ ಮುಂಚಿನ ವಚನದಲ್ಲಿ ಅಪ್ಪಣೆ ಇದೆ, ಸ್ತ್ರೀಯು ಕಲಿಯಲಿ ಅಂತ. "ಶಾಂತವಾಗಿ" ಅನ್ನೋದನ್ನ ನಾವು ಗಟ್ಟಿಯಾಗಿ ಓದ್ತೀವಿ, "ಕಲಿಯಲಿ" ಅನ್ನೋದನ್ನ ನುಂಗಿಬಿಡ್ತೀವಿ. ಅಧಿಕಾರ ನಡೆಸುವುದು ಅನ್ನೋದಕ್ಕೆ ಅಲ್ಲಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೆಲ್ಲೂ ಇಲ್ಲ, ದಬ್ಬಾಳಿಕೆಯ ಅರ್ಥವೂ ಅದಕ್ಕೆ ಉಂಟು ಅನ್ನುವ ಪಂಡಿತರಿದ್ದಾರೆ. ಪೌಲನು ಆದಾಮ ಹವ್ವರ ಸೃಷ್ಟಿಯ ಕ್ರಮ ಎತ್ತುತ್ತಾನಲ್ಲ, ಅದು ಎಫೆಸದ ಸಭೆಗೆ ಮಾತ್ರ ಸೇರಿದ್ದು ಹೇಗಾಗುತ್ತೆ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ, ಆ ಕಡೆಯ ವಾದದಲ್ಲಿ ಇದೇ ಗಟ್ಟಿ. ನನ್ನ ಉತ್ತರ ಇಷ್ಟು: ಅದೇ ಎಫೆಸದಲ್ಲಿ ಪ್ರಿಸ್ಕಿಲ್ಲಳು ಗಂಡ ಅಕ್ವಿಲನ ಜೊತೆ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದಳು. ಅಪೊಲ್ಲೋಸ ಸಾಮಾನ್ಯನಲ್ಲ, ವಾಕ್ಯದಲ್ಲಿ ಪ್ರವೀಣ. ರೋಮಾಪುರದವರಿಗೆ 16ರಲ್ಲಿ ಆ ದಂಪತಿಗಳನ್ನು ವಂದಿಸುವಾಗ ಪೌಲನು ಹೆಂಡತಿಯ ಹೆಸರನ್ನೇ ಮೊದಲು ಹೇಳುತ್ತಾನೆ. ತಾನೇ ಮೆಚ್ಚಿದ್ದನ್ನು ಎಲ್ಲಾ ಕಾಲಕ್ಕೂ ನಿಷೇಧಿಸಿದ ಅಂತ ನನಗೆ ಓದೋಕೆ ಆಗ್ತಿಲ್ಲ. ನಮ್ಮ ಹಿರಿಯರಲ್ಲಿ ಇಬ್ಬರು ಇದನ್ನು ಒಪ್ಪಲ್ಲ. ನಾವು ಜೊತೆಗೇ ಊಟ ಮಾಡ್ತೀವಿ, ಜೊತೆಗೇ ಉಪವಾಸನೂ ಮಾಡ್ತೀವಿ.

ಅದೇ ಅಧ್ಯಾಯದ 7ನೇ ವಚನದಲ್ಲಿ ಯೂನ್ಯ ಅನ್ನೋ ಹೆಸರಿದೆ. ಗ್ರೀಕ್ ಮಾತೃಭಾಷೆಯಾಗಿದ್ದ ಯೋಹಾನ ಕ್ರಿಸೊಸ್ತೊಮ ಅವಳನ್ನು ಹೆಂಗಸೆಂದೇ ತಿಳಿದು, ಅಪೊಸ್ತಲರ ಸಾಲಿನವಳು ಅಂತ ಹೊಗಳಿದ. ನೂರಾರು ವರ್ಷಗಳ ನಂತರ ಬಂದವರು ಅದನ್ನು ಗಂಡಸಿನ ಹೆಸರು ಮಾಡಿದರು. ಇಂಥದ್ದನ್ನು ಪತ್ತೆ ಮಾಡೋಕೆ ಯಾರಾದರೂ ಕೂತು ಗ್ರೀಕ್ ಓದಬೇಕು. ಡಿಪ್ಲೊಮಾದಲ್ಲಿ ನಾನು ಕಲಿತ ಗ್ರೀಕ್ ಅಕ್ಷರಮಾಲೆ ದಾಟಿ ಬಹಳ ದೂರ ಹೋಗಿಲ್ಲ, ಆದ್ದರಿಂದ ಓದಿದವರು ಸಭೆಗೆ ಬೇಕು ಅಂತ ಸ್ವಾರ್ಥದಿಂದಲೇ ಹೇಳ್ತಿದ್ದೀನಿ.

ಹಿರಿಯರ ಪ್ರಶ್ನೆಗೆ ಬರೋಣ. ಜಾಗ ಇಲ್ಲದಿದ್ರೆ ಓದಿಸೋದು ನ್ಯಾಯಾನಾ? ನ್ಯಾಯ ಅಲ್ಲ ಅಂತಲೇ ನನಗೂ ಅನ್ನಿಸುತ್ತೆ. ಆದರೆ ಅದಕ್ಕೆ ಪರಿಹಾರ ಓದು ನಿಲ್ಲಿಸೋದಲ್ಲ, ಜಾಗ ಮಾಡೋದು. ಆದ್ದರಿಂದ ಪತ್ರದಲ್ಲಿ ನಾನು ಎರಡು ಮಾತು ಸೇರಿಸಿದ್ದೀನಿ: ರಜೆಯಲ್ಲಿ ಬಂದಾಗಲೆಲ್ಲಾ ಈ ಸಹೋದರಿ ನಮ್ಮಲ್ಲಿ ವಾಕ್ಯ ಬೋಧಿಸುತ್ತಾರೆ, ಓದು ಮುಗಿಸಿ ಬಂದರೆ ಸಭೆ ಸಂಬಳ ಕೊಟ್ಟು ಸೇವೆಗೆ ತಗೊಳ್ಳುತ್ತದೆ. ಹಿರಿಯರ ಮೀಟಿಂಗ್ ಬುಧವಾರ. ಇಬ್ಬರು ಸಹಿ ಹಾಕದೇ ಇರಬಹುದು. ಹಾಗಾದರೂ ಆ ಎರಡು ಸಾಲು ತೆಗೆಯಲ್ಲ ಅಂತ ಅವರಿಗೂ ಹೇಳಿದ್ದೀನಿ.

ಫೀಸಿಗೆ ಸಹಾಯ ಮಾಡುವವರು ಆರಾಧನೆ ಆದಮೇಲೆ ನನ್ನನ್ನು ನೋಡಿ. ಮುಂದಿನ ಶನಿವಾರದ ಯೂತ್ ಮೀಟಿಂಗ್‌ನಲ್ಲಿ ರೋಮಾಪುರದವರಿಗೆ 16ನೇ ಅಧ್ಯಾಯ ಅವರೇ ತಗೊಳ್ತಾರೆ. ಒಪ್ಪದವರೂ ಬನ್ನಿ, ಪ್ರಶ್ನೆ ಬರೆದುಕೊಂಡು ಬನ್ನಿ. ಈಗ ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.