ಕೊಂಡ ನೆನಪು, ಕೊಟ್ಟ ನೆನಪು

1990ರ ‘ಟೋಟಲ್ ರಿಕಾಲ್’ ಚಿತ್ರದಲ್ಲಿ ಒಂದು ಕಂಪನಿ ಪ್ರವಾಸದ ನೆನಪನ್ನು ಮಾರುತ್ತದೆ. ಮಂಗಳ ಗ್ರಹಕ್ಕೆ ಹೋಗಿಬರುವ ದಣಿವು ಬೇಕಿಲ್ಲ. ಕುರ್ಚಿಯಲ್ಲಿ ಕೂತು ಎದ್ದರೆ ಹೋಗಿಬಂದ ನೆನಪು ತಲೆಯಲ್ಲಿರುತ್ತದೆ. ಆ ಆಸೆಯಿಂದ ಹೋದ ಕಟ್ಟಡ ಕಾರ್ಮಿಕ ಕ್ವೇಡ್‌ಗೆ ಕೊನೆಗೆ ತಾನು ಯಾರೆಂಬುದೇ ಅನುಮಾನವಾಗುತ್ತದೆ.

ಇದು ಬರೀ ಕಲ್ಪನೆಯಾಗಿ ಉಳಿದಿಲ್ಲ. 2013ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸುಸುಮು ಟೊನೆಗಾವಾ ಅವರ ತಂಡ ಇಲಿಗಳ ಮಿದುಳಿನಲ್ಲಿ ಸುಳ್ಳು ನೆನಪನ್ನು ಹುಟ್ಟಿಸಿತು. ಯಾವ ಪೆಟ್ಟಿಗೆಯಲ್ಲಿ ತಮಗೆ ಏನೂ ಆಗಿರಲಿಲ್ಲವೋ ಅದನ್ನು ಕಂಡು ಇಲಿಗಳು ಹೆದರಿ ಮರಗಟ್ಟಿ ನಿಂತವು. ಅದೇ ವರ್ಷ ಪವನ್ ಕುಮಾರ್ ಅವರ ‘ಲೂಸಿಯಾ’ ಚಿತ್ರ ಬಂತು. ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ ಒಂದು ಮಾತ್ರೆ ನುಂಗಿ, ಕನಸಿನಲ್ಲಿ ಇನ್ನೊಂದು ಬಾಳನ್ನೇ ಬಾಳುತ್ತಾನೆ.

ಹಾಗಾದರೆ ನಾನೇ ಕಂಡುಂಡದ್ದು ಮಾತ್ರ ನಿಜವಾದ ನೆನಪೇ? ದಾಂಡೇಲಿ ಪಕ್ಕದ ಮೌಳಂಗಿಯಲ್ಲಿ ಈ ಪ್ರಶ್ನೆ ಬೇರೆಯೇ ತೂಕ ಪಡೆಯುತ್ತದೆ. ಅಲ್ಲಿ ಕಾಳಿ ನದಿ ಬಂಡೆಗಳ ನಡುವೆ ಹರಿಯುತ್ತದೆ. ಮಳೆಯ ಹನಿಯಿಲ್ಲದ ದಿನವೂ ಬಂಡೆ ನೋಡನೋಡುತ್ತ ಮುಳುಗಬಹುದು. ಗಣೇಶಗುಡಿಯಲ್ಲಿ ಕರೆಂಟು ತೆಗೆದು ಬಿಟ್ಟ ನೀರು ಅದು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯ ಹಿಂದೆ ನಿಂತು ಬಂದ ನೀರು. ಆ ಹಿನ್ನೀರಿನ ತಳದಲ್ಲಿ ಸೂಪಾ ಎಂಬ ಊರಿದೆ.

ಮುಳುಗಡೆಯ ಹಲವು ಕುಟುಂಬಗಳು ರಾಮನಗರಕ್ಕೆ ಹೋದವು. ಅಲ್ಲಿ ಹುಟ್ಟಿದವರು ಹಳೆಯ ಸೂಪಾದ ಬೀದಿಯಲ್ಲಿ ಒಮ್ಮೆಯೂ ನಡೆದವರಲ್ಲ. ಅವರೊಳಗಿನ ಸೂಪಾ ಹಿರಿಯರ ಬಾಯಿಂದ ಬಂದದ್ದು, ಬೇರೆಯವರು ನೆಟ್ಟದ್ದು. ಅದನ್ನು ಸುಳ್ಳು ಎನ್ನಲು ನನಗೆ ನಾಲಗೆ ಬಾರದು.

ಬೇರೆಯವರು ನೆಟ್ಟ ನೆನಪಿನ ಬಗ್ಗೆಯೇ ಯೋಗವಾಸಿಷ್ಠದಲ್ಲಿ ಲವಣರಾಜನ ಕಥೆಯಿದೆ. ಐಂದ್ರಜಾಲಿಕನೊಬ್ಬ ನವಿಲುಗರಿ ಆಡಿಸುತ್ತಾನೆ. ಸಿಂಹಾಸನದಲ್ಲಿ ಕೂತಿದ್ದಂತೆಯೇ ರಾಜ ತುಸು ಹೊತ್ತಿನಲ್ಲಿ ಕಾಡಿನ ಹಟ್ಟಿಯಲ್ಲಿ ವರ್ಷಗಟ್ಟಲೆ ಬಾಳುತ್ತಾನೆ; ಮದುವೆಯಾಗುತ್ತಾನೆ, ಮಕ್ಕಳಾಗುತ್ತವೆ, ಬರ ಬಂದು ಎಲ್ಲರೂ ದಿಕ್ಕಾಪಾಲಾಗುತ್ತಾರೆ. ಎಚ್ಚೆತ್ತವನು ಅದನ್ನು ಮಾಯೆಯೆಂದು ಕೊಡವಿಕೊಂಡು ಸುಮ್ಮನಿರಲಿಲ್ಲ. ವಿಂಧ್ಯದ ಕಾಡಿಗೆ ಹುಡುಕಿಕೊಂಡು ಹೋದ. ಹಟ್ಟಿ ಅಲ್ಲಿತ್ತು. ಮುದುಕಿಯೊಬ್ಬಳು ಕಳೆದುಹೋದ ಮಗಳಿಗಾಗಿ, ಅಳಿಯನಿಗಾಗಿ ಅಳುತ್ತಿದ್ದಳು. ಆ ಅಳಿಯ ತಾನೇ.

ರಾಜನ ನೆನಪಿಗೆ ಸಾಕ್ಷಿಯಾದದ್ದು ಅವನ ತಲೆಯಲ್ಲ, ಮುದುಕಿಯ ಕಣ್ಣೀರು. ಹಣ ಕೊಟ್ಟು ತುಂಬಿಸಿಕೊಂಡ ಪ್ರವಾಸದಲ್ಲಿ ಇಲ್ಲದಿರುವುದು ಇದೇ: ಆಚೆ ಬದಿಯಲ್ಲಿ ನಮ್ಮನ್ನು ನೆನೆಯುವ ಯಾರೂ ಇರುವುದಿಲ್ಲ. ಬಿಲ್ಲು ಕಟ್ಟಿದರೆ ಲೆಕ್ಕ ಚುಕ್ತಾ. ಹಿರಿಯರು ಕೊಟ್ಟ ಸೂಪಾದ ಲೆಕ್ಕ ಮಾತ್ರ ಹಾಗೆ ಮುಗಿಯುವುದಿಲ್ಲ. ಕಳೆದುಕೊಂಡವರ ನೋವು ಅದರ ಜೊತೆಗೇ ಬರುತ್ತದೆ.

ನೆನಪು ಯಾರದು, ಹೇಗೆ ಬಂತು ಎಂಬುದಕ್ಕಿಂತ ಅದು ನಮ್ಮನ್ನು ಯಾರ ಋಣಕ್ಕೆ ಕಟ್ಟುತ್ತದೆ ಎಂಬುದೇ ದೊಡ್ಡದು ಎಂದು ನನಗನಿಸುತ್ತದೆ. ಮೌಳಂಗಿಯ ನೀರಿನಲ್ಲಿ ಆಡಿ, ಫೋಟೊ ತೆಗೆದು ಮರಳುವವರು ನಾವು. ಕಾಳಿಯ ಕರೆಂಟಿನಲ್ಲಿ ದೀಪ ಹಚ್ಚುವವರೂ ನಾವೇ. ಆ ದೀಪಕ್ಕಾಗಿ ಒಂದು ಊರು ಮನೆ ಬಿಟ್ಟಿತು ಎಂದು ಒಪ್ಪಿಕೊಂಡರೆ, ಕಾಣದ ಸೂಪಾ ನಮ್ಮ ನೆನಪೂ ಆಗುತ್ತದೆ. ಒಪ್ಪಿಕೊಳ್ಳದಿದ್ದರೆ, ಕಣ್ಣಾರೆ ಕಂಡ ಮೌಳಂಗಿಯೂ ಕೊಂಡು ತಂದ ನೆನಪಷ್ಟೇ.